ನಾಕೋ, ಎಂಟೋ?

ಆ ಜಪಾನಿ ಹುಡುಗ ಮತ್ತೊಮ್ಮೆ ಬರುತ್ತಾನಂತೆ. ಮಗಳು ಫೋನಿನಲ್ಲಿ ಜಾಹೀರಾತು ತೋರಿಸಿದಳು. ಹೊಸ ಪೆಟ್ಟಿಗೆ, ಹೊಸ ಹೊದಿಕೆ, ಒಳಗೆ ಅದೇ ಕಾರ್ಟೂನು ಧಾರಾವಾಹಿ. ನನಗೆ ತಿಳಿದ ಹಾಗೆ ಇದು ಆರನೆಯ ಸಲ. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು, ಇಲ್ಲವೇ ‘ಇವರಿಗೆ ಬೇರೆ ಕೆಲಸವಿಲ್ಲವೇ’ ಎಂದು ಸುಮ್ಮನಾಗುತ್ತಿದ್ದರು. ನಾನು ಫೋನು ಕಸಿದುಕೊಂಡು ಆ ಚಿತ್ರವನ್ನು ಹಿಗ್ಗಿಸಿ ನೋಡಿದೆ. ನಾಲ್ಕನೆಯ ಡಿಸ್ಕಿನ ಮೇಲೆ ಯಾವ ಅಂಕಿ ಹಾಕಿದ್ದಾರೋ ಎಂಬುದೇ ನನಗೆ ಬಂದ ಮೊದಲ ಯೋಚನೆ.

“ಕಾರ್ಟೂನು ನೋಡಿದ್ರೂ ಹೆದರ್ತೀಯಲ್ಲಪ್ಪಾ” ಎಂದಳು ಮಗಳು.

ನಾನು ಹೆದರಲು ಕಾರಣ ಬೇಕಿಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮನೆಯಿಂದ ಹೊರಟು ಉಪ್ಪಲ್ ರಿಂಗ್ ರಸ್ತೆ ಮುಟ್ಟಿದ ಮೇಲೆ, ಬೀಗ ಹಾಕಿದೆನೋ ಇಲ್ಲವೋ ಎಂದು ವಾಪಸ್ ಹೋದವನು ನಾನು. ಬೀಗ ಹಾಕಿಯೇ ಇತ್ತು. ಗ್ಯಾಸು ನೋಡೋಣ ಎಂದು ಅದನ್ನು ತೆಗೆದು ಒಳಗೆ ಹೋಗಿ ಬಂದೆ. ಮತ್ತೆ ರಿಂಗ್ ರಸ್ತೆ ಮುಟ್ಟಿದಾಗ, ತೆಗೆದ ಬೀಗವನ್ನು ತಿರುಗಿ ಹಾಕಿದೆನೋ ಎಂಬ ಅನುಮಾನ ಬಂತು. ಇಂಥವನ ಹೆದರಿಕೆಗೆ ಯಾರೂ ಬೆಲೆ ಕೊಡುವುದಿಲ್ಲ, ಕೊಡಬಾರದು ಕೂಡ. ಆದರೆ ಈ ನಾಲ್ಕನೆಯ ಡಿಸ್ಕಿನ ಹೆದರಿಕೆಗೆ ಮಾತ್ರ ಕಾರಣವಿದೆ. ಒಬ್ಬ ಹೆಂಗಸು, ಮತ್ತು ಎರಡು ಬೆರಳಗಲದ ಒಂದು ಚೀಟಿ. ಆ ಹೆಂಗಸು ತೀರಿಕೊಂಡರೆಂದು ನನಗೆ ಗೊತ್ತಾದದ್ದು ಕಳೆದ ತಿಂಗಳು. ಚೀಟಿಯ ಗತಿ ಏನಾಯಿತೆಂದು ಗೊತ್ತಾದದ್ದೂ ಅದೇ ದಿನ.

ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶದಲ್ಲಿ, ಮಾತ್ರೆ ಮಾಡುವ ಕಾರ್ಖಾನೆಗೂ ಬಿಸ್ಕತ್ತಿನ ಗೋದಾಮಿಗೂ ನಡುವೆ ನಮ್ಮ ಡಿಸ್ಕ್ ಕಾರ್ಖಾನೆ ಇತ್ತು. ಸಿನಿಮಾ, ಭಜನೆ, ಕಂಪ್ಯೂಟರ್ ಪಾಠ ಯಾವುದನ್ನು ಕೊಟ್ಟರೂ ಡಿಸ್ಕಿಗೆ ಅಚ್ಚು ಹಾಕಿ, ಮೇಲೆ ಚಿತ್ರ ಮುದ್ರಿಸಿ, ಡಬ್ಬಿಗೆ ತುಂಬಿ ಕೊಡುತ್ತಿದ್ದೆವು. ತುಮಕೂರಿನಿಂದ ಬಂದ ನಾನು ಮುದ್ರಣ ವಿಭಾಗದ ಸೂಪರ್‌ವೈಸರ್. ಹುದ್ದೆಯ ಹೆಸರು ದೊಡ್ಡದು. ನನ್ನ ಕೈಕೆಳಗಿದ್ದದ್ದು ಒಂದು ಯಂತ್ರ, ಅದನ್ನು ನಡೆಸುವ ವರಂಗಲ್ ಕಡೆಯ ಒಬ್ಬ ಆಪರೇಟರ್, ಅಷ್ಟೇ. ಆಪರೇಟರಿಗೆ ಕನ್ನಡ ಬಾರದು, ನನಗೆ ತೆಲುಗು ಅರ್ಧ ಬರುತ್ತಿತ್ತು. ಮಧ್ಯದಲ್ಲಿ ಹಿಂದಿ ಹೇಗೋ ನಮ್ಮಿಬ್ಬರನ್ನೂ ಸಾಕಿತ್ತು.

ನಮ್ಮ ಮುದ್ರಣದ ಕೋಣೆಯಾಚೆ ಕಿಟಕಿಯಿಲ್ಲದ ಒಂದು ಸಣ್ಣ ಕೋಣೆ. ಒಂದು ಟೀವಿ, ಒಂದು ಪ್ಲೇಯರು, ಒಂದು ಕುರ್ಚಿ. ಮುಗಿದ ಡಿಸ್ಕುಗಳಲ್ಲಿ ಒಂದೊಂದನ್ನು ಹಾಕಿ ನೋಡಿ, ಸರಿಯಾಗಿದೆ ಎಂದು ಸಹಿ ಮಾಡುವ ಕೆಲಸ ಆ ಕುರ್ಚಿಯದು. ಅಲ್ಲಿ ಆ ಹೆಂಗಸು ಕೂರುತ್ತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಆದರೂ ಮೊದಲ ಆರು ತಿಂಗಳು ಅವರ ಕನ್ನಡ ನನಗೆ, ನನ್ನ ಕನ್ನಡ ಅವರಿಗೆ ಪೂರ್ತಿ ತಿಳಿಯಲಿಲ್ಲ.

ಅಕ್ಕ ಕಲಬುರಗಿ ಜಿಲ್ಲೆಯವರು. ಈ ಕಾರ್ಖಾನೆಯ ಕಟ್ಟಡ ಏಳುವಾಗ ಸಿಮೆಂಟಿನ ಬುಟ್ಟಿ ಹೊರಲು ಬಂದವರು. ಕಟ್ಟಡ ಮುಗಿದ ಮೇಲೆ ಗುಂಪು ಬೇರೆ ಕಡೆ ಹೋಯಿತು, ಇವರು ಕಸ ಹೊಡೆಯಲು ಉಳಿದರು. ಆಮೇಲೆ ಡಬ್ಬಿ ತುಂಬುವ ಕೆಲಸ ಸಿಕ್ಕಿತು. ಒಂದು ದಿನ, ಮುಗಿಸಿ ಇಟ್ಟಿದ್ದ ಡಿಸ್ಕನ್ನು ಬೆಳಕಿಗೆ ಓರೆ ಮಾಡಿ, “ಇದರಾಗ ಕೂದಲಿನಂಥ ಗೆರಿ ಐತಿ ನೋಡ್ರಿ” ಎಂದರಂತೆ. ಮೂರು ಜನ ಎಂಜಿನಿಯರುಗಳಿಗೆ ಕಾಣದ ಗೆರೆ. ಅಂದಿನಿಂದ ಆ ಕುರ್ಚಿ ಅವರದಾಯಿತು. ಮ್ಯಾನೇಜರ್ ಏನಾದರೂ ಗದರಿದರೆ, ಅವರು ಹೋದ ಮೇಲೆ ಅಕ್ಕ ಗೋಡೆ ತಟ್ಟಿ ನನಗೆ ಹೇಳುತ್ತಿದ್ದರು: “ಈ ಗ್ವಾಡಿ ನಾ ಹೊತ್ತ ಬುಟ್ಟಿಂದ ನಿಂತೈತಿ ತಮ್ಮಾ. ಇವರು ಬಂದದ್ದು ಬಣ್ಣ ಬಳದ ಮ್ಯಾಲ.”

ಅವರು ಶಾಲೆ ಕಲಿತದ್ದು ನಾಲ್ಕನೆಯ ತರಗತಿಯವರೆಗೆ. ಕನ್ನಡದಲ್ಲಿ, ಊರಲ್ಲಿ. ನೋಡಿದ್ದನ್ನೆಲ್ಲ ಒಂದು ಉದ್ದನೆಯ ವಹಿಯಲ್ಲಿ ಬರೆದಿಡುತ್ತಿದ್ದರು. ಅಂಕಿಗಳೂ ಕನ್ನಡದವೇ. ಪ್ರತಿ ಡಿಸ್ಕಿನ ಮುಂದೆ ಎರಡೇ ಮಾತು, ‘ಸರಿ ಐತಿ’ ಅಥವಾ ‘ಸರಿ ಇಲ್ಲ’; ಅಪರೂಪಕ್ಕೆ ಅಂಚಿನಲ್ಲೊಂದು ಸಾಲು. ಕಾರ್ಖಾನೆಯ ನಿಯಮದಂತೆ ಡಿಸ್ಕಿನ ಆರಂಭ, ನಡು, ಕೊನೆ ನೋಡಿದರೆ ಸಾಕಿತ್ತು. ಅಕ್ಕ ಪೂರ್ತಿ ನೋಡುತ್ತಿದ್ದರು, ಅದೂ ಸದ್ದು ಆರಿಸಿ.

“ಅವರ ಮಾತು ನನಗ ತಿಳಿಯಂಗಿಲ್ಲ. ತಿಳೀಲಾರದ್ದು ಕೇಳಕೋಂತ ಕುಂತ್ರ ಕಣ್ಣಿನ ಲಕ್ಷ್ಯ ಹೋಗತೈತಿ” ಎನ್ನುತ್ತಿದ್ದರು.

ಹಾಗಾಗಿ ಆ ಜಪಾನಿ ಧಾರಾವಾಹಿಯ ಕಥೆಯನ್ನು ಅಕ್ಕ ತಾವೇ ಕಟ್ಟಿಕೊಂಡಿದ್ದರು. ನಾನು ಡಬ್ಬಿಯ ಹಿಂದೆ ಮುದ್ರಿಸುತ್ತಿದ್ದ ಕಥೆ ಇಷ್ಟು: ದೋಣಿಯವನ ಮಗನೊಬ್ಬ ಕಡಲಲ್ಲಿ ಕಾಣೆಯಾದ ತಂದೆಯನ್ನು ಹುಡುಕಿಕೊಂಡು ಬಂದರಿನಿಂದ ಬಂದರಿಗೆ ಹೋಗುತ್ತಾನೆ. ವರ್ಷಗಟ್ಟಲೆ ಹೋಗುತ್ತಾನೆ, ಮುಗಿಯುವುದೇ ಇಲ್ಲ. ಅಕ್ಕನ ಕಥೆಯಲ್ಲಿ ತಂದೆ ಕಾಣೆಯಾಗಿರಲೇ ಇಲ್ಲ. “ದುಡಿಯಾಕ ಹೋಗ್ಯಾನ. ಮನಿಗೆ ಸುದ್ದಿ ಕಳಿಸಿಲ್ಲ, ಅಷ್ಟ. ನಮ್ಮೂರಾಗ ಇಂಥವರು ಓಣಿಗೊಬ್ಬರು ಅದಾರ.” ನನ್ನ ಕಥೆ ಓದಿ ಹೇಳಿದರೆ ಅವರು ಒಪ್ಪುತ್ತಿರಲಿಲ್ಲ. ನೋಡಿದವರು ತಾವು, ನಾನು ಬರೀ ಮುದ್ರಿಸಿದವನು.

ಮುಂಬೈಯ ಒಂದು ಕಂಪನಿ ಈ ಧಾರಾವಾಹಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬಿಡುಗಡೆ ಮಾಡುತ್ತಿತ್ತು. ಮೊದಲು ವಿಸಿಡಿ. ಚಿತ್ರವೆಲ್ಲ ಚುಕ್ಕಿ ಚುಕ್ಕಿ. “ಹುಡುಗನ ಮಾರಿಗೆ ಉಸುಕು ತೂರಿದಂಗ ಆಗೇತಿ” ಎಂದು ವಹಿಯಲ್ಲಿ ಬರೆದಿದ್ದರು. ಎರಡನೆಯ ಸಲ ಡಿವಿಡಿ. “ಮಾರಿ ತೊಳಕೊಂಡು ಬಂದಾನ ನೋಡು ನಮ್ಮ ಹುಡುಗ.” ಪ್ರತಿ ಸಲವೂ ಹೊದಿಕೆಯ ಮೇಲೆ ‘ಹಿಂದೆಂದೂ ಕಂಡಿರದ’ ಎಂದು ಇಂಗ್ಲಿಷಿನಲ್ಲಿ ಮುದ್ರಿಸುವುದು ನನ್ನ ಪಾಲಿಗೆ ಬರುತ್ತಿತ್ತು. ಅದರ ಅರ್ಥ ಹೇಳಿದರೆ ಅಕ್ಕ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. “ಅಪ್ಪ ಸಿಕ್ಕಾನೇನ ಈ ಸಲನಾದ್ರೂ?” ಎಂದು ನಾನು ಅವರ ಧಾಟಿಯಲ್ಲೇ ಕೇಳುತ್ತಿದ್ದೆ. “ಇಲ್ಲೋ. ಹುಡುಕಾಕತ್ತಾನ ಇನ್ನೂ.”

ಮೂರನೆಯ ಬಿಡುಗಡೆ ಅಗಲ ಟೀವಿಗಾಗಿ. ಹಳೆಯ ಚೌಕದ ಚಿತ್ರವನ್ನು ಅಗಲ ಪರದೆಗೆ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿದ್ದರು. ಆ ದಿನ ಅಕ್ಕ ಊಟದ ಡಬ್ಬಿಯನ್ನೂ ಬಿಚ್ಚದೆ ನನ್ನ ಮೇಜಿನ ಮುಂದೆ ಬಂದು ನಿಂತರು.

“ತಮ್ಮಾ, ಅವರವ್ವ ಎಲ್ಲಿ?”

“ಯಾರ ಅವ್ವ ಅಕ್ಕಾ?”

“ಹುಡುಗಂದು. ಊರು ಬಿಟ್ಟು ಹೊಂಟಾಗ ಕೆಳಗ, ಮೂಲ್ಯಾಗ, ಬಾಗಲದಾಗ ಕುಂತಿರತಾಳಲ್ಲ. ಕೈ ಎತ್ತತಾಳಲ್ಲ. ಇಲ್ಲ ಆಕಿ. ಕತ್ತರಿಸ್ಯಾರ.”

ನಾನು ಹೋಗಿ ನೋಡಿದೆ. ನಿಜ. ಹುಡುಗ ತಿರುಗಿ ನೋಡಿ ಕೈ ಬೀಸುತ್ತಾನೆ, ಬರೀ ಗೋಡೆಗೆ. ಅಕ್ಕ ವಹಿಯಲ್ಲಿ ‘ಸರಿ ಇಲ್ಲ’ ಎಂದು ಬರೆದುಬಿಟ್ಟರು. ಮ್ಯಾನೇಜರ್ ಕರೆದು, ಡಿಸ್ಕಿನಲ್ಲಿ ದೋಷವಿದ್ದರೆ ಮಾತ್ರ ಹೇಳು, ಚಿತ್ರ ಮುಂಬೈಯವರದು ಎಂದರು. ಅಕ್ಕ ಹಟ ಬಿಡಲಿಲ್ಲ. ಕೊನೆಗೆ ಅವರು ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಬರೆದು ಮುಂಬೈಗೆ ಕಳಿಸಿದೆ. ಕಳಿಸಿದ ಮೇಲೆ ಒಂದು ತಿಂಗಳು ನನ್ನ ಕೆಲಸ ಹೋಗುತ್ತದೆಂದು ಕಾಯುತ್ತಿದ್ದೆ. ಉತ್ತರವೇ ಬರಲಿಲ್ಲ. ಆದರೆ ನಾಲ್ಕನೆಯ ಬಿಡುಗಡೆಯಲ್ಲಿ ಚಿತ್ರ ಹಳೆಯ ಚೌಕಕ್ಕೇ ಮರಳಿತು. ಜಗತ್ತಿನ ಬೇರೆ ಬೇರೆ ಕಡೆ ಜನ ಬೈದಿದ್ದರೆಂದು ಕಾಣುತ್ತದೆ. ಅಕ್ಕ ಮಾತ್ರ ಅದು ತಮ್ಮ ಪತ್ರದಿಂದಲೇ ಆದದ್ದೆಂದು ನಂಬಿದ್ದರು. ನಾನು ತಿದ್ದಲು ಹೋಗಲಿಲ್ಲ.

ತೊಂದರೆ ಶುರುವಾದದ್ದು ಆ ನಾಲ್ಕನೆಯ ಬಿಡುಗಡೆಯಲ್ಲಿ.

ಅದಕ್ಕೆ ಮೊದಲಿನ ಜನವರಿಯಲ್ಲಿ ನಮ್ಮ ಮನೆಯವರನ್ನೂ ಅಕ್ಕನನ್ನೂ ಕರೆದುಕೊಂಡು ನಾಂಪಲ್ಲಿಯ ವಸ್ತುಪ್ರದರ್ಶನ ನುಮಾಯಿಷ್‌ಗೆ ಹೋಗಿದ್ದೆ. ನೂಕುನುಗ್ಗಲಲ್ಲಿ ಮಗಳ ಕೈ ಬಿಟ್ಟೀತೆಂದು ಅವಳ ಮಣಿಕಟ್ಟು ಕೆಂಪಗಾಗುವಷ್ಟು ಬಿಗಿಹಿಡಿದು ನಡೆಯುತ್ತಿದ್ದೆ. ಒಂದು ಅಂಗಡಿಯಲ್ಲಿ ನಮ್ಮದೇ ಹಳೆಯ ವಿಸಿಡಿಗಳನ್ನು ರಾಶಿ ಹಾಕಿದ್ದರು. ಅಕ್ಕ ಒಂದೊಂದನ್ನೇ ತೆಗೆದು ನೋಡತೊಡಗಿದರು. ಅಂಗಡಿಯವನು, “ಲೇನಾ ಹೈ ತೋ ಲೇಲೋ ಅಮ್ಮಾ” ಎಂದ. “ತಗೊಳ್ಳಾಕ ಅಲ್ಲಪ್ಪಾ. ನಮ್ಮನಿ ಹುಡುಗ, ಹ್ಯಾಂಗದಾನ ಅಂತ ನೋಡಾಕ ಬಂದೀನಿ” ಎಂದು ಕನ್ನಡದಲ್ಲೇ ಉತ್ತರ ಕೊಟ್ಟರು. ನಾನು ನಕ್ಕೆ. ಆಮೇಲೆ ನಗು ನಿಂತಿತು. ಅಕ್ಕ ಡಿಸ್ಕನ್ನು ತಲೆಕೆಳಗಾಗಿ ಹಿಡಿದಿದ್ದರು. ಹುಡುಗನ ಕಾಲು ಮೇಲಿತ್ತು.

ಹೊರಗೆ ಬಂದಾಗ ಸುತ್ತುವ ದೊಡ್ಡ ತೊಟ್ಟಿಲಿನ ದೀಪಗಳನ್ನು ನೋಡುತ್ತ ಮೆಲ್ಲಗೆ ಕೇಳಿದರು: “ತಮ್ಮಾ, ಒಂದೊಂದು ದೀಪಕ್ಕ ಸುತ್ತಲೂ ಬಳಿ ಬಳಿ ಹಾಕ್ಯಾರೇನು?”

“ಇಲ್ಲ ಅಕ್ಕಾ.”

“ಹೌದಾ.” ಸ್ವಲ್ಪ ದೂರ ನಡೆದ ಮೇಲೆ, “ಯಾರಿಗೂ ಹೇಳಬ್ಯಾಡ” ಎಂದರು.

ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮಾಡಿಸಿಕೊಳ್ಳಿ ಎಂದು ನಾನು, ನನ್ನ ಹೆಂಡತಿ ಇಬ್ಬರೂ ಹೇಳಿದೆವು. ಅಕ್ಕ ಕೇಳಲಿಲ್ಲ. ರಜೆ ಹಾಕಿದರೆ ಯಾಕೆಂದು ಕೇಳುತ್ತಾರೆ, ಕಣ್ಣು ಎಂದರೆ ಕುರ್ಚಿ ಹೋಗುತ್ತದೆ. ನೋಡುವ ಕೆಲಸದವಳಿಗೆ ನೋಟವಿಲ್ಲವೆಂದರೆ ಯಾರು ಇಟ್ಟುಕೊಳ್ಳುತ್ತಾರೆ? ಆ ಕುರ್ಚಿ ಬಿಟ್ಟರೆ ಮತ್ತೆ ಬುಟ್ಟಿ ಹೊರುವುದೇ. ಆ ವಯಸ್ಸಿಗೆ ಬುಟ್ಟಿಯನ್ನೂ ಯಾರೂ ಕೊಡುವುದಿಲ್ಲ. “ಹುಡುಗನ ಪೆಟಗಿ ಮುಗೀಲಿ, ಆಮ್ಯಾಲ ನೋಡೂಣು” ಎಂದರು. ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಅವರ ಕೋಣೆಗೆ ಹೋದವನು ಬೇರೆ ಯಾರೂ ನೋಡದಂತೆ ಬಾಗಿಲು ಮುಚ್ಚಿದೆ. ಸದ್ದು ಆರಿಸಿ ನೋಡುತ್ತಿದ್ದ ಅಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರು, ಕಣ್ಣು ಮುಚ್ಚಿದ್ದರು.

ಆ ದಿನದಿಂದ ನನಗೆ ಎರಡು ಕೆಲಸ. ಹಗಲು ಹೊತ್ತು ಡಿಸ್ಕು ಮುದ್ರಿಸುವುದು, ಉಳಿದ ಹೊತ್ತು ಅಕ್ಕ ಸಿಕ್ಕಿಬೀಳುತ್ತಾರೆಂದು ಬೆವರುವುದು. ಈ ಎರಡನೆಯ ಕೆಲಸದ ಮಧ್ಯೆ ಮೊದಲನೆಯದು ಕೆಟ್ಟಿತು. ಕೆಡಿಸಿದವನು ನಾನೇ.

ಆ ಸಲದ ಪೆಟ್ಟಿಗೆಯಲ್ಲಿ ಹನ್ನೆರಡು ಡಿಸ್ಕು. ಅಚ್ಚಾಗಿ ಬಂದ, ಮೇಲೆ ಇನ್ನೂ ಏನೂ ಮುದ್ರಿಸದ ಡಿಸ್ಕುಗಳೆಲ್ಲ ನೋಡಲು ಒಂದೇ ರೀತಿ. ಯಾವುದರ ಮೇಲೆ ಯಾವ ಅಂಕಿ ಮುದ್ರಿಸಬೇಕೆಂದು ಆಪರೇಟರಿಗೆ ತಿಳಿಯಲು ನಾನು ಒಂದು ಚೀಟಿ ಬರೆದು, ಡಿಸ್ಕುಗಳನ್ನು ಪೋಣಿಸಿದ ಕಂಬಿಗೆ ಸಿಕ್ಕಿಸಿ ಕಳಿಸಬೇಕು. ಮುದ್ರಣಕ್ಕೆ ಮೊದಲು ಅಕ್ಕ ಒಂದನ್ನು ಹಾಕಿ ನೋಡಿ ಎಷ್ಟನೆಯದೆಂದು ವಹಿಯಲ್ಲಿ ಬರೆಯುತ್ತಿದ್ದರು, ಅದನ್ನು ನೋಡಿ ನಾನು ಚೀಟಿ ಬರೆಯುತ್ತಿದ್ದೆ. ಅವರ ಕನ್ನಡದ ಅಂಕಿಯನ್ನು ಇಂಗ್ಲಿಷ್ ಅಂಕಿ ಮಾಡಿ ಬರೆಯುವುದು ಅಭ್ಯಾಸವಾಗಿತ್ತು. ಆ ಶನಿವಾರ ನನ್ನ ಕಣ್ಣು ವಹಿಯ ಮೇಲೆ, ಮನಸ್ಸು ಪಕ್ಕದ ಕೋಣೆಯ ಹೆಡ್‌ಫೋನಿನ ಮೇಲೆ. ವಹಿಯಲ್ಲಿ ೪ ಇತ್ತು. ಚೀಟಿಯಲ್ಲೂ ನಾನು ೪ ಎಂದೇ ಬರೆದೆ.

ಬೇರೆ ಯಾವ ಕನ್ನಡದ ಅಂಕಿಯಾಗಿದ್ದರೂ ಆಪರೇಟರ್ ‘ಇದೇನು ಅನ್ನಾ’ ಎಂದು ಕೇಳುತ್ತಿದ್ದ. ೪ ನೋಡಿದರೆ ಕೇಳಬೇಕೆನ್ನಿಸುವುದಿಲ್ಲ. ಕನ್ನಡ ಬಾರದವನಿಗೆ ಅದು ಅವಸರದಲ್ಲಿ ಬರೆದ 8. ಅವನು ನಾಲ್ಕನೆಯ ಡಿಸ್ಕುಗಳ ಮೇಲೆಲ್ಲ 8 ಎಂದು ಮುದ್ರಿಸಿದ. ಸೋಮವಾರ ನಿಜವಾದ ಎಂಟನೆಯ ಡಿಸ್ಕು ಬಂತು, ಸರಿಯಾದ ಚೀಟಿಯೊಡನೆ. ಎಂಟು ಆಗಲೇ ಆಯಿತಲ್ಲ, ಉಳಿದದ್ದು ನಾಲ್ಕು, ಅಣ್ಣ ಗಾಬರಿಯಲ್ಲಿ ತಪ್ಪು ಬರೆದಿದ್ದಾನೆ ಎಂದು ಅವನೇ ತಿದ್ದಿಕೊಂಡು ಅದರ ಮೇಲೆ 4 ಹಾಕಿದ. ನನ್ನ ಗಾಬರಿಗೆ ಅಷ್ಟು ಹೆಸರಿತ್ತು.

ಮುದ್ರಿಸಿದ ಡಿಸ್ಕುಗಳು ಮತ್ತೆ ಅಕ್ಕನ ಕೋಣೆಗೆ ಹೋದವು. ಅಕ್ಕ ಹಾಕಿದರು, ಕೇಳಿದರು. ಅವ್ವ ಮಗನನ್ನು ಹೆಸರು ಹಿಡಿದು ಕರೆದದ್ದು ಕಿವಿಗೆ ಬಿತ್ತು. ಇದೇ ನಾಲ್ಕು. ‘ಸರಿ ಐತಿ.’ ಮೇಲೆ ಮುದ್ರಿಸಿದ್ದ ಅಂಗೈಯಗಲದ 8 ಅವರಿಗೆ ಕಾಣಲಿಲ್ಲ, ಎಂಟನೆಯದರ ಮೇಲಿನ 4 ಕೂಡ.

ಒಂದು ಲಾರಿ ಪೆಟ್ಟಿಗೆಗಳು ಹೋದವು. ಹದಿನೈದು ದಿನಕ್ಕೆ ಮುಂಬೈಯಿಂದ ಫೋನು. ಮೂರನೆಯ ಡಿಸ್ಕಿನಲ್ಲಿ ಮನೆಯಲ್ಲಿದ್ದ ಹುಡುಗನಿಗೆ ನಾಲ್ಕರಲ್ಲಿ ಮೀಸೆ ಬಂದಿದೆ, ಎಂಟರಲ್ಲಿ ಮೀಸೆ ಹೋಗಿ ಅವ್ವನಿಗೆ ಕೈ ಬೀಸುತ್ತಿದ್ದಾನೆ. ಕೊಂಡವರು ಬೈಯುತ್ತಿದ್ದಾರೆ.

ಫೋನು ಬಂದ ಕೂಡಲೇ ನನಗೆ ಎಲ್ಲ ಹೊಳೆಯಿತು. ಆ ಮಧ್ಯಾಹ್ನ ಯಂತ್ರದ ಬಳಿ ಓಡಿದೆ. ಹಳೆಯ ಚೀಟಿಗಳನ್ನೆಲ್ಲ ಆಪರೇಟರ್ ಒಂದು ಮೊಳೆಗೆ ಚುಚ್ಚಿಡುತ್ತಿದ್ದ. ಒಂದರಿಂದ ಹನ್ನೆರಡರವರೆಗೆ ಹನ್ನೊಂದು ಚೀಟಿ ಇದ್ದವು. ಆ ಒಂದು ಇರಲಿಲ್ಲ. ಕಸದ ಬುಟ್ಟಿ ಸುರಿದೆ. ಯಂತ್ರದ ಕೆಳಗೆ ಮಲಗಿ ನೋಡಿದೆ, ಅಂಗಿಗೆ ಶಾಯಿ ಹತ್ತಿತು, ಚೀಟಿ ಸಿಗಲಿಲ್ಲ. ಸಿಕ್ಕಿದ್ದರೆ ಏನು ಮಾಡುತ್ತಿದ್ದೆ ಎಂದು ಇವತ್ತಿಗೂ ಪ್ರಾಮಾಣಿಕವಾಗಿ ಹೇಳಲಾರೆ. ಮ್ಯಾನೇಜರ್ ಮುಂದೆ ಇಟ್ಟು ತಪ್ಪು ನನ್ನದು ಎನ್ನುತ್ತಿದ್ದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಒಪ್ಪಿಕೊಂಡರೂ ಅಲ್ಲಿಗೆ ಮುಗಿಯುತ್ತಿರಲಿಲ್ಲ. ಇಷ್ಟು ದೊಡ್ಡ 8 ನೋಡುವವಳಿಗೇಕೆ ಕಾಣಲಿಲ್ಲ ಎಂದು ಮುಂದಿನ ಪ್ರಶ್ನೆ ಬರುತ್ತಿತ್ತು. ಇದು ನನ್ನ ನೆಪವೂ ಹೌದು, ನಿಜವೂ ಹೌದು.

ಸಂಜೆ ನಾಲ್ಕಕ್ಕೆ ಮೂವರನ್ನೂ ಕರೆದರು. ಮ್ಯಾನೇಜರ್ ಹಳೆ ಹೈದರಾಬಾದಿನವರು, ಕೋಪ ಬಂದಾಗ ಬಹಳ ಮರ್ಯಾದೆಯಿಂದ ಮಾತಾಡುತ್ತಿದ್ದರು. ಆ ದಿನ ಎಲ್ಲರಿಗೂ ‘ಆಪ್’ ಎಂದರು. ಅಕ್ಕನಿಗೆ ಹಿಂದಿ ಚೆನ್ನಾಗಿಯೇ ಬರುತ್ತಿತ್ತು. ಆದರೂ ಅವರು ನನ್ನ ಕಡೆ ತಿರುಗಿ, “ನಾ ಕನ್ನಡದಾಗ ಹೇಳತೀನಿ, ನೀ ಅವರಿಗೆ ತಿಳಿಸಿ ಹೇಳು” ಎಂದರು. ಮಾತು ತೊದಲುತ್ತಿತ್ತು. ಕೆನ್ನೆಯ ಒಂದು ಮಗ್ಗುಲು ಉಬ್ಬಿತ್ತು.

“ಬಾಯಲ್ಲಿ ಏನು?” ಎಂದರು ಮ್ಯಾನೇಜರ್.

“ಎಲಿ ರೀ ಸಾಹೇಬ್ರ.”

ನನಗೆ ಸೋಜಿಗವಾಯಿತು. ಅಕ್ಕ ಎಲೆ ಅಡಿಕೆ ಹಾಕುವುದು ಗೇಟು ದಾಟಿದ ಮೇಲೆ ಮಾತ್ರ. ಕೆಲಸದ ಹೊತ್ತಿನಲ್ಲಿ ಡಿಸ್ಕಿಗೆ ಎಂಜಲು ಸಿಡಿದೀತೆಂದು ಬಾಯಿಗೆ ನೀರು ಬಿಟ್ಟರೆ ಏನೂ ಹಾಕುತ್ತಿರಲಿಲ್ಲ. ಹೆದರಿಕೆಗೆ ಹಾಕಿಕೊಂಡಿದ್ದಾರೆ ಎಂದುಕೊಂಡೆ. ನನಗೂ ಒಂದು ಕೊಟ್ಟಿದ್ದರೆ ಆಗುತ್ತಿತ್ತು ಎನ್ನಿಸಿತು.

ಅಕ್ಕ ಬಿಳಿ ಬೋರ್ಡಿನ ಹತ್ತಿರ ಹೋಗಿ, ಮೂಗು ತಾಗುವಷ್ಟು ಸಮೀಪ ನಿಂತು, ದೊಡ್ಡದಾಗಿ ೪ ಎಂದು ಬರೆದರು.

“ಹೇಳು ತಮ್ಮಾ. ಇದು ಕನ್ನಡ ನಾಕು. ನನ್ನ ವಹಿಯಾಗ ಹಿಂಗ ಬರದೀನಿ. ಪ್ರಿಂಟಿನವ ನನ್ನ ವಹಿ ನೋಡಿ ಹಾಕ್ಯಾನ. ಅವಗ ಎಂಟು ಕಂಡೈತಿ. ಅವ ಹಾಕಿದ ಎಂಟು ನನಗ ನಾಕು ಕಂಡೈತಿ. ಅದರ ಹಿಂದ ಎಂಟನೇದೂ ತಪ್ಪೈತಿ. ಅವಂದೇನು ತಪ್ಪಿಲ್ಲ, ಬರದಾಕಿ ನಾನು.”

ನಾನು ಹಿಂದಿಯಲ್ಲಿ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಬೇರೆಯವರದರ ಹಾಗೆ ಕೇಳಿಸಿತು. ಆ ಮಾತಿನಲ್ಲಿ ನನ್ನ ಚೀಟಿ ಎಲ್ಲೂ ಇರಲಿಲ್ಲ. ಅಕ್ಕನ ಕಣ್ಣೂ ಇರಲಿಲ್ಲ. ಆಪರೇಟರ್ ಈಗ ಬಾಯಿ ಬಿಡುತ್ತಾನೆ, ನಾನು ನೋಡಿದ್ದು ವಹಿಯಲ್ಲ ಅಣ್ಣ ಕೊಟ್ಟ ಚೀಟಿ ಎನ್ನುತ್ತಾನೆ ಎಂದು ಕಾದೆ. ಅವನು ತನ್ನ ಚಪ್ಪಲಿ ನೋಡುತ್ತ ನಿಂತಿದ್ದ.

ಮ್ಯಾನೇಜರ್ ಬೋರ್ಡನ್ನು ಬಹಳ ಹೊತ್ತು ನೋಡಿದರು. “ಮತ್ಲಬ್, ತುಮ್ಹಾರೇ ಯಹಾಂ ಆಠ್ ಕೋ ಚಾರ್ ಬೋಲ್ತೇ?” ನಿಮ್ಮ ಕಡೆ ಎಂಟಕ್ಕೆ ನಾಲ್ಕು ಅನ್ನುತ್ತಾರಾ ಎಂದು ನಕ್ಕರು. ‘ಆಪ್’ ಹೋಗಿ ‘ತುಮ್’ ಬಂದಿತ್ತು. ಅಲ್ಲಿಗೆ ಕೆಲಸ ಉಳಿಯಿತೆಂದು ನನಗೆ ತಿಳಿಯಿತು.

ಆದರೆ ಅಕ್ಕನಿಗೆ ಎಚ್ಚರಿಕೆ ಪತ್ರ ಕೊಟ್ಟರು. ಇನ್ನೊಂದು ತಪ್ಪಾದರೆ ಮನೆಗೆ. ಕಾರ್ಖಾನೆಯೊಳಗೆ ಇನ್ನು ಕನ್ನಡದ ಅಂಕಿ ಬರೆಯಕೂಡದು. ಅಷ್ಟೂ ವರ್ಷಗಳ ವಹಿಗಳನ್ನು ಕಟ್ಟಿ ತೆಗೆದುಕೊಂಡು ಹೋದರು, ರದ್ದಿಗೆ ಹಾಕಿದರೆಂದು ಆಮೇಲೆ ಕೇಳಿದೆ. ಉಸುಕು ತೂರಿದ ಮಾರಿ, ತೊಳೆದ ಮಾರಿ, ಕಾಣೆಯಾದ ಅವ್ವ, ಎಲ್ಲ ಆ ವಹಿಗಳಲ್ಲಿದ್ದವು. ಈ ಸಲ ಅಕ್ಕ ಗೋಡೆಯನ್ನೂ ತಟ್ಟಲಿಲ್ಲ.

ಆಮೇಲಿನ ಮೂರು ತಿಂಗಳು ನಾನು ಅಕ್ಕನ ಕಣ್ಣಾದೆ. ಏನಾದರೂ ನೆಪ ತೆಗೆದು ಅವರ ಕೋಣೆಗೆ ಹೋಗಿ ಪ್ರತಿ ಡಿಸ್ಕಿನ ಅಂಕಿ ಓದಿ ಹೇಳಿ ಬರುತ್ತಿದ್ದೆ. ನಾನು ಸೂಪರ್‌ವೈಸರೋ ಕಳ್ಳನೋ ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳವಾದರೆ ಟೀವಿಯ ಹಿಂದಿನ ವೈರು ಸರಿಮಾಡುವವನಂತೆ ಬಗ್ಗುತ್ತಿದ್ದೆ. ಅಕ್ಕನಿಗೆ ಮಾತ್ರ ತಮಾಷೆ. ಒಂದನೆಯ ಡಿಸ್ಕಿರಲಿ ಹನ್ನೆರಡನೆಯದಿರಲಿ, ಕೈಗೆ ಕೊಟ್ಟು ಕೇಳುತ್ತಿದ್ದರು: “ನೋಡಿ ಹೇಳು ತಮ್ಮಾ. ನಾಕೋ, ಎಂಟೋ?”

“ಒಂಬತ್ತು ಅಕ್ಕಾ.”

“ನೆಟ್ಟಗ ನೋಡು. ನಿನ್ನ ಮ್ಯಾಲ ನಂಬಿಕಿ ಇಲ್ಲ ನನಗ.”

ಇದನ್ನು ಬರೀ ಚೇಷ್ಟೆ ಎಂದುಕೊಂಡಿದ್ದೆ. ಒಂದೆರಡು ಸಲ ಚೀಟಿಯ ವಿಷಯ ಹೇಳಿಬಿಡಬೇಕೆಂದು ಬಾಯಿ ತೆರೆದದ್ದುಂಟು. “ಅಕ್ಕಾ, ಆ ದಿನ ನಾನು...” ಎನ್ನುವಷ್ಟರಲ್ಲಿ ಅವರು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು.

ಪೆಟ್ಟಿಗೆಗಳು ಮುಗಿದ ಮೇಲೆ, ತಂಗಿಯ ಮಗಳ ಮದುವೆ ಎಂದು ಸುಳ್ಳು ಹೇಳಿ ರಜೆ ಹಾಕಿ ಆಪರೇಷನ್ ಮಾಡಿಸಿಕೊಂಡರು. ಆಸ್ಪತ್ರೆಯ ಹೊರಗೆ ಮೂರು ಗಂಟೆ ಕೂತು, ಆಗಬಾರದ್ದನ್ನೆಲ್ಲ ಒಂದೊಂದಾಗಿ ಯೋಚಿಸಿ ಮುಗಿಸಿದೆ. ಯಾವುದೂ ಆಗಲಿಲ್ಲ. ಪಟ್ಟಿ ಬಿಚ್ಚಿದ ದಿನ ಕಪ್ಪು ಚಷ್ಮಾ ಸರಿಸಿ ನನ್ನನ್ನು ನೋಡಿದರು.

“ಯಪ್ಪಾ ತಮ್ಮಾ, ನೀ ಯಾವಾಗ ಇಷ್ಟು ಮುದುಕಾದಿ?”

ಐದನೆಯ ಬಿಡುಗಡೆ ಬ್ಲೂ-ರೇ. ಆ ಸಲ ಅಕ್ಕ ಮತ್ತೆ ಸದ್ದು ಆರಿಸಿ ನೋಡಿದರು. ನಾಲ್ಕನೆಯ ಡಿಸ್ಕಿನಲ್ಲಿ ಅವ್ವ ಕಾಣಿಸಿಕೊಂಡಾಗ ನನ್ನನ್ನು ಕೂಗಿದರು. “ಆಕಿ ಸೀರಿ ಹಸರು ಅಂತ ತಿಳಕೊಂಡಿದ್ನಿ. ನೀಲಿ ಐತಿ.” ಅದು ಸೀರೆಯಲ್ಲ ಎಂದು ನಾನು ಹೇಳಲಿಲ್ಲ.

ಅಷ್ಟು ಹೊತ್ತಿಗೆ ಡಿಸ್ಕು ಕೊಳ್ಳುವವರೇ ಕಡಿಮೆಯಾಗಿದ್ದರು. ಯಂತ್ರಗಳು ಒಂದೊಂದಾಗಿ ನಿಂತವು. ಅಕ್ಕ ನಿವೃತ್ತರಾಗಿ ಅಲ್ಲೇ ನಾಚಾರಂ ಹತ್ತಿರ ತಂಗಿಯ ಮನೆಗೆ ಹೋದರು. ಮೊದಮೊದಲು ವಾರಕ್ಕೊಮ್ಮೆ ಫೋನು, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಅವರ ನಂಬರು ಬದಲಾಯಿತು. ಹೋಗಿ ನೋಡಬಹುದಿತ್ತು. ಅದೇ ಊರಿನಲ್ಲಿದ್ದೆ. ಏನಾದರೂ ಕೆಟ್ಟ ಸುದ್ದಿ ಇದ್ದರೆ ಎಂದು ಹೆದರಿ ಹೋಗದೆ ಉಳಿದೆ. ನನ್ನಂಥವರು ಹೀಗೆಯೇ ಸುದ್ದಿಯನ್ನು ಕೆಡಿಸಿಕೊಳ್ಳುವುದು.

ಕಳೆದ ತಿಂಗಳು ಉಪ್ಪಲ್ ಮೆಟ್ರೊ ನಿಲ್ದಾಣದ ಮೆಟ್ಟಿಲಲ್ಲಿ ಯಾರೋ “ಅನ್ನಾ” ಎಂದು ಭುಜ ಹಿಡಿದರು. ನಮ್ಮ ಆಪರೇಟರ್. ತಲೆ ನರೆತಿತ್ತು. ಅಕ್ಕ ಕಳೆದ ಚಳಿಗಾಲದಲ್ಲಿ ತೀರಿಕೊಂಡರೆಂದು ಅವನೇ ಹೇಳಿದ. ಅವನು ಮಣ್ಣಿಗೆ ಹೋಗಿದ್ದನಂತೆ. ನಾವಿಬ್ಬರೂ ಜನ ಹತ್ತಿಳಿಯುವ ಮೆಟ್ಟಿಲ ಬದಿಯಲ್ಲೇ ನಿಂತೆವು. ಇನ್ನು ಯಾರಿಗೆ ಹೇಳಲಿ ಎನ್ನಿಸಿ, ನಾನು ಅವನಿಗೇ ಹೇಳಿಬಿಟ್ಟೆ.

“ಆ ಎಂಟರ ಗಲಾಟೆ ನೆನಪಿದೆಯಾ? ನಾನು ಕೊಟ್ಟ ಚೀಟಿಯಿಂದಲೇ ಆದದ್ದು. ನೀನು ಆ ದಿನ ಹೇಳಲಿಲ್ಲ.”

ಅವನು ವಿಚಿತ್ರವಾಗಿ ನೋಡಿದ. “ಅಕ್ಕ ಹೇಳಬೇಡ ಅಂದ್ರು ಅನ್ನಾ. ಗೊತ್ತಿಲ್ವಾ ನಿಮಗೆ?”

ಅವನು ಅರ್ಧ ತೆಲುಗು ಅರ್ಧ ಹಿಂದಿಯಲ್ಲಿ ಹೇಳಿದ್ದು ಇಷ್ಟು. ಮುಂಬೈಯ ಫೋನು ಬಂದ ಕೂಡಲೇ, ನಾನು ಬರುವ ಮೊದಲೇ, ಅಕ್ಕ ಗೋಡೆ ಹಿಡಿದುಕೊಂಡು ಯಂತ್ರದ ಬಳಿ ಬಂದಿದ್ದರು. ಚೀಟಿ ತೋರಿಸು ಎಂದರು. ಕಣ್ಣಿಗೆ ಒತ್ತಿ ಹಿಡಿದು ನೋಡಿ, “ಇದು ನಮ್ಮ ನಾಕು” ಎಂದು ನಕ್ಕರು. ನಿನ್ನದೂ ತಪ್ಪಿದೆ, ಸುಮ್ಮನಿರು ಎಂದು ಅವನಿಗೆ ಹೇಳಿದರು. ಸಾಹೇಬರು ಮೇಜು, ಜೇಬು ಹುಡುಕಿಸಿದರೆ ಎಂದು ಅವನು ಕೇಳಿದನಂತೆ. ಅಕ್ಕ ಸೊಂಟದ ಚೀಲ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮೇಲೆ ಚೀಟಿ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಂಡರು.

“ಕಾಗದ ಅಲ್ವಾ ಅನ್ನಾ, ಬೇಗ ಕರಗಲಿಲ್ಲ” ಎಂದ ಅವನು. “ಮೀಟಿಂಗ್ ಮುಗಿಯೋ ತನಕ ಅಗಿತಾನೇ ಇದ್ರು.”

ನಾನು ರೈಲು ಹತ್ತಲಿಲ್ಲ. ಎರಡು ರೈಲು ಹೋದವು.

ಮಗಳು ಆ ಆರನೆಯ ಪೆಟ್ಟಿಗೆಯನ್ನು ತರಿಸಿಕೊಟ್ಟಳು. ಮೊನ್ನೆ ಭಾನುವಾರ ಬಂತು. ಹೊದಿಕೆಯ ಮೇಲೆ ಅದೇ ‘ಹಿಂದೆಂದೂ ಕಂಡಿರದ’. ನಾಲ್ಕನೆಯದರ ಮೇಲೆ 4 ಎಂದಿತ್ತು. ಆದರೂ ಎಂಟನೆಯದನ್ನೂ ತೆಗೆದು ನೋಡಿದೆ. ಹಳೆಯ ಪ್ಲೇಯರಿಗೆ ನಾಲ್ಕನ್ನು ಹಾಕಿ ಸದ್ದು ಆರಿಸಿದೆ. ಹುಡುಗ ಊರು ಬಿಟ್ಟು ಹೊರಟ. ತಿರುಗಿ ನೋಡಿದ. ಕೆಳಗೆ ಮೂಲೆಯಲ್ಲಿ, ಬಾಗಿಲಲ್ಲಿ, ಅವರವ್ವ ಕೈ ಎತ್ತಿದರು.

ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ೪ ಎಂದು ಬರೆದು, ಮುಂದೆ ‘ಸರಿ ಐತಿ’ ಎಂದು ಬರೆದೆ. ಬರೆದದ್ದು ಎಂಟರ ಹಾಗೆ ಕಾಣುತ್ತದೆಯೋ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಾಣುತ್ತಿತ್ತು. ಹಾಗೆಯೇ ಬಿಟ್ಟೆ.